ಮೊದಲು ಕೋಣೆಯ ಬಿಸಿ ನೋಡಿ

ಇವತ್ತಿನ ಮಾತು ಆಟದ ಕಂಪ್ಯೂಟರಿನ ಬಗ್ಗೆ, ಅದು ಬೇಸಿಗೆಯಲ್ಲಿ ಮಿತಿ ಮೀರಿ ಕಾಯುವುದರ ಬಗ್ಗೆ. ರೇಡಿಯೋದಲ್ಲಿ ಜೋಳ, ಕಡಲೆ, ತೊಗರಿಯ ಮಾತು ಕೇಳಿ ರೂಢಿಯಾದ ಹಿರಿಯರು ಸ್ವಲ್ಪ ತಾಳಿಕೊಳ್ಳಬೇಕು. ಮಾಡಿಯ ಮೇಲಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ನಿಮ್ಮ ಮೊಮ್ಮಗ ಕೂತಿರುವುದು ಇದರ ಮುಂದೆಯೇ. ಅದು ಕೆಟ್ಟರೆ ರೊಕ್ಕ ಹೋಗುವುದು ನಿಮ್ಮ ಕಿಸೆಯಿಂದಲೇ.

2020ರಲ್ಲಿ ಕೊರೋನಾ ಬಂದು ಬೆಂಗಳೂರಿನ ಕಂಪನಿಗಳು ಮನೆಯಿಂದಲೇ ಕೆಲಸ ಮಾಡಿರೆಂದಾಗ ಹುನಗುಂದ, ಇಳಕಲ್, ಬಾದಾಮಿ ಕಡೆಯ ಎಷ್ಟೋ ಹುಡುಗರು ಊರಿಗೆ ಮರಳಿದರು. ಕೆಲವರ ಜೊತೆ ಅವರ ಕಂಪ್ಯೂಟರೂ ಬಂತು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಒಂದೊಂದೇ ಬಿಡಿಭಾಗ ಕೊಂಡು, ತಾವೇ ಕೂತು ಜೋಡಿಸಿ, ಹಗಲು ಕಚೇರಿ ಕೆಲಸಕ್ಕೂ ರಾತ್ರಿ ಆಟಕ್ಕೂ ದುಡಿಸುತ್ತಿದ್ದ ಯಂತ್ರಗಳು. ಹೊಸಪೇಟೆ, ಕುಷ್ಟಗಿ ದಾಟಿ 50ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಊರು ಸೇರಿದ ಇಂಥ ಯಂತ್ರ, ಅಲ್ಲಿ ತುಟಿಪಿಟಕ್ಕೆನ್ನದೆ ಇದ್ದದ್ದು, ಇಲ್ಲಿ ಆಟ ಹಚ್ಚಿದ ಕಾಲು ಗಂಟೆಗೆ ಏದುಸಿರು ಬಿಡುತ್ತಿತ್ತು. ಫ್ಯಾನು ಒಂದೇ ಸವನೆ ಒದರುವುದು, ಚಿತ್ರ ಜಗ್ಗಿ ಜಗ್ಗಿ ನಿಲ್ಲುವುದು, ಕೆಲವೊಮ್ಮೆ ಪೆಟ್ಟಿಗೆಯೇ ಆರಿಹೋಗುವುದು. "ಬೆಂಗಳೂರಾಗ ಹಿಂಗ ಇರ್ಲಿಲ್ಲಣ್ಣಾ" ಎಂದು ಹುಡುಗ ರಿಪೇರಿ ಅಂಗಡಿಯವನ ಮುಂದೆ ಅಲವತ್ತುಕೊಂಡರೆ, ಬಲ್ಲ ಅಂಗಡಿಯವನು ಸ್ಕ್ರೂಡ್ರೈವರ್ ಮುಟ್ಟುವ ಮೊದಲು ಕೇಳುವುದು ಒಂದೇ ಮಾತು: "ಯಾವ ಕೋಣ್ಯಾಗ ಇಟ್ಟೀಯೋ ತಮ್ಮಾ?"

ಆ ಪ್ರಶ್ನೆಯಲ್ಲಿ ಅರ್ಧ ರಿಪೇರಿ ಇದೆ. ಹೇಗೆಂದು ಹೇಳುತ್ತೇನೆ.

ಕಂಪ್ಯೂಟರಿನ ಲೆಕ್ಕವೆಲ್ಲ ಮಾಡುವ ಪ್ರೊಸೆಸರಿನ ಬಿಸಿಯನ್ನು ಫ್ಯಾನು ಹೊರಗೆ ಹಾಕುತ್ತದೆ ಎಂದು ನಾವು ಹೇಳುತ್ತೇವೆ. ನಿಜ, ಆದರೆ ಫ್ಯಾನು ಊದುವುದು ಕೋಣೆಯ ಗಾಳಿಯನ್ನೇ. ಕೋಣೆಯ ಗಾಳಿಗಿಂತ ಒಂದು ಡಿಗ್ರಿ ಕೆಳಕ್ಕೂ ಯಾವ ಫ್ಯಾನೂ ಪ್ರೊಸೆಸರನ್ನು ಇಳಿಸಲಾರದು. ಅಷ್ಟು ಕೆಲಸಕ್ಕೆ ಅಷ್ಟು ಫ್ಯಾನು ತಿರುಗಿದರೆ ಪ್ರೊಸೆಸರು ಕೋಣೆಗಿಂತ ಇಷ್ಟು ಡಿಗ್ರಿ ಮೇಲೆ ನಿಲ್ಲುತ್ತದೆ, ಲೆಕ್ಕ ಇಷ್ಟೇ. ಬೆಂಗಳೂರಿನ ಕೋಣೆ 27 ಡಿಗ್ರಿ ಇದ್ದಾಗ ಆಟದ ಹೊತ್ತಿಗೆ ಪ್ರೊಸೆಸರು 75 ಮುಟ್ಟುತ್ತಿತ್ತು ಎಂದಿಟ್ಟುಕೊಳ್ಳಿ. ಕೋಣೆಗಿಂತ 48 ಡಿಗ್ರಿ ಮೇಲೆ. ಅದೇ ಯಂತ್ರ, ಅದೇ ಆಟ, ಹುನಗುಂದದ ಮೇ ತಿಂಗಳ 39 ಡಿಗ್ರಿಯ ಕೋಣೆಗೆ ಬಂದರೆ 39ಕ್ಕೆ 48 ಕೂಡಿಸಿ, 87 ಆಯಿತು. ಯಂತ್ರದಲ್ಲಿ ಏನೂ ಕೆಟ್ಟಿಲ್ಲ. ಊರು ಬದಲಾಗಿದೆ, ಅಷ್ಟೇ.

ಯೂಟ್ಯೂಬಿನಲ್ಲಿ ಪ್ರೊಸೆಸರನ್ನು ತಣಿಸುವ ಕೂಲರುಗಳ ಗುಣ ಅಳೆದು ತೋರಿಸುವವರು ಬಹುಪಾಲು 20-22 ಡಿಗ್ರಿಯ ಕೋಣೆಯಲ್ಲಿ ಕೂತಿರುತ್ತಾರೆ. ಅವರ 68 ನಮ್ಮ 86. ಇದು ತಿಳಿಯದೆ ನಮ್ಮ ಹುಡುಗರು ಅವರ ಅಂಕಿ ನೋಡಿ ಗಾಬರಿಯಾಗಿ, ಚೆನ್ನಾಗಿರುವ ಕೂಲರನ್ನು ಕಿತ್ತು ಹೊಸದಕ್ಕೆ ನಾಲ್ಕೈದು ಸಾವಿರ ಸುರಿಯುತ್ತಾರೆ. ಆದ್ದರಿಂದ ಮೊದಲು ಕೊಳ್ಳಬೇಕಾದದ್ದು ಗೋಡೆಗೆ ತೂಗುಹಾಕುವ ಒಂದು ಸಾದಾ ಥರ್ಮಾಮೀಟರು. ಮೇಜಿನ ಹತ್ತಿರ, ಪೆಟ್ಟಿಗೆಯ ಬಿಸಿ ಗಾಳಿ ತಾಗದ ಕಡೆ ತೂಗುಹಾಕಿ. ಪ್ರೊಸೆಸರಿನ ಅಂಕಿಯಿಂದ ಕೋಣೆಯ ಅಂಕಿ ಕಳೆಯಿರಿ. ಉಳಿದದ್ದೇ ಯಂತ್ರದ ನಿಜವಾದ ಆರೋಗ್ಯ. ಅದು ಜನವರಿಯಲ್ಲೂ ಮೇ ತಿಂಗಳಲ್ಲೂ ಹೆಚ್ಚುಕಡಿಮೆ ಒಂದೇ ಇದ್ದರೆ ಯಂತ್ರ ನೆಟ್ಟಗಿದೆ. ಜನವರಿಯಲ್ಲಿ 45 ಇದ್ದದ್ದು ಈಗ 58 ಆಗಿದ್ದರೆ ಪೆಟ್ಟಿಗೆ ಬಿಚ್ಚಬೇಕು.

ಇಷ್ಟು ಸಣ್ಣ ವಸ್ತು ಯಾಕೆ ಇಷ್ಟು ಕಾಯುತ್ತದೆ ಎಂದು ಹಿರಿಯರು ಕೇಳಬಹುದು. ರೈಜನ್ 7 5800ಎಕ್ಸ್ ಎಂಬ ಪ್ರೊಸೆಸರನ್ನೇ ತೆಗೆದುಕೊಳ್ಳಿ. ಅದರ ಮೇಲಿನ ಲೋಹದ ಮುಚ್ಚಳ ದೊಡ್ಡದಿದ್ದರೂ ಒಳಗೆ ಲೆಕ್ಕ ಮಾಡುವ ಸಿಲಿಕಾನ್ ಚೂರು ಸುಮಾರು 80 ಚದರ ಮಿಲಿಮೀಟರ್. ಒಂದು ಚದರ ಸೆಂಟಿಮೀಟರೂ ತುಂಬುವುದಿಲ್ಲ. ಪೂರ್ತಿ ದುಡಿಸಿದಾಗ ಅದರಿಂದ ನೂರು ವ್ಯಾಟ್‌ಗೂ ಹೆಚ್ಚು ಶಾಖ ಹೊರಡುತ್ತದೆ. ಮನೆಯ ಸಾವಿರ ವ್ಯಾಟಿನ ಇಸ್ತ್ರಿ ಪೆಟ್ಟಿಗೆಯ ತಳ ಸುಮಾರು 150 ಚದರ ಸೆಂಟಿಮೀಟರ್. ಭಾಗಿಸಿ ನೋಡಿ: ಒಂದೊಂದು ಚದರ ಸೆಂಟಿಮೀಟರಿನಿಂದ ಇಸ್ತ್ರಿ ಪೆಟ್ಟಿಗೆ ಹೊರಹಾಕುವುದಕ್ಕಿಂತ ಹದಿನೈದು ಪಟ್ಟಿಗೂ ಹೆಚ್ಚು ಶಾಖವನ್ನು ಈ ಚೂರು ಹೊರಹಾಕುತ್ತದೆ. ಇಸ್ತ್ರಿ ಪೆಟ್ಟಿಗೆ ಕಾಯಲೆಂದೇ ಇರುವುದು. ಇದು ಕಾಯಬಾರದು.

ಹಿಂದೆ ಎಲ್ಲ ಪ್ರೊಸೆಸರುಗಳಿಗೂ ಈ ಬಿಸಿಯಿಂದ ರಕ್ಷಣೆ ಇರಲಿಲ್ಲ. 2001ರಲ್ಲಿ ಟಾಮ್ಸ್ ಹಾರ್ಡ್‌ವೇರ್ ಎಂಬ ಜಾಲತಾಣದವರು ಓಡುತ್ತಿರುವ ಪ್ರೊಸೆಸರುಗಳ ಮೇಲಿನ ಕೂಲರು ಎತ್ತಿಬಿಟ್ಟರೆ ಏನಾಗುತ್ತದೆಂದು ವಿಡಿಯೋ ಮಾಡಿ ತೋರಿಸಿದ್ದರು. ಆಗಿನ ಅಥ್ಲಾನ್ ಕೆಲವೇ ಕ್ಷಣಗಳಲ್ಲಿ ಹೊಗೆಯಾಡಿ ಸತ್ತಿತು. ಪೆಂಟಿಯಂ 4 ತಾನೇ ವೇಗ ತಗ್ಗಿಸಿಕೊಂಡು ಬದುಕಿತು. ಇವತ್ತಿನ ಎಲ್ಲ ಪ್ರೊಸೆಸರುಗಳಿಗೂ ಆ ಬುದ್ಧಿ ಇದೆ. ಇಂಟೆಲ್‌ನ ಡೆಸ್ಕ್‌ಟಾಪ್ ಕೋರ್ ಸರಣಿಯ ಬಹಳಷ್ಟಕ್ಕೆ ಮೇಲಿನ ಮಿತಿ 100 ಡಿಗ್ರಿ, ರೈಜನ್ 5800ಎಕ್ಸ್‌ಗೆ 90, ರೈಜನ್ 7000 ಸರಣಿಯ ಬಹಳಷ್ಟಕ್ಕೆ 95. ಮಿತಿ ಮುಟ್ಟಿದರೆ ವೇಗ ಇಳಿಸಿಕೊಳ್ಳುತ್ತದೆ. ಆಟ ಜಗ್ಗುವುದು ಆಗಲೇ. ಅದನ್ನೂ ಮೀರಿದರೆ ಸುಟ್ಟುಹೋಗುವ ಮೊದಲೇ ಯಂತ್ರ ಆರುತ್ತದೆ. ಹೀಗಾಗಿ ಬರೇ ದೊಡ್ಡ ಅಂಕಿ ಕಂಡು ಹೌಹಾರಬೇಡಿ. ರೈಜನ್ 7000 ಸರಣಿಯ ದೊಡ್ಡ ಪ್ರೊಸೆಸರುಗಳು ಭಾರೀ ಕೆಲಸದಲ್ಲಿ 95ರ ತನಕ ಏರಿ ಅಲ್ಲೇ ನಿಂತು ದುಡಿಯುವಂತೆಯೇ ಮಾಡಿದ್ದು ಎಂದು 2022ರಲ್ಲಿ ರೈಜನ್ ತಯಾರಿಸುವ ಕಂಪನಿಯೇ ಹೇಳಿದೆ. ನೋಡಬೇಕಾದದ್ದು ವೇಗ ಇಳಿಯುತ್ತಿದೆಯೇ ಇಲ್ಲವೇ ಎಂಬುದನ್ನು.

ಅಳೆಯುವುದಕ್ಕೆ ದುಡ್ಡು ಬೇಕಿಲ್ಲ. ಎಚ್‌ಡಬ್ಲ್ಯುಇನ್‌ಫೋ, ಕೋರ್ ಟೆಂಪ್ ಎಂಬ ಪುಕ್ಕಟೆ ತಂತ್ರಾಂಶಗಳಿವೆ. ಮೊದಲನೆಯದರಲ್ಲಿ ಬಿಸಿಯಿಂದ ವೇಗ ತಗ್ಗಿದೆಯೇ ಎಂಬುದಕ್ಕೆ ಹೌದು-ಇಲ್ಲ ಎಂದು ತೋರಿಸುವ ಸಾಲೇ ಉಂಟು. ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು "ಭಾಳ ಕಾದೈತಿ" ಅನ್ನುವುದು ಅಳತೆಯಲ್ಲ. ಯಂತ್ರ ಶುರುವಾಗುವಾಗ ತೆರೆಯುವ ಸೆಟ್ಟಿಂಗಿನ ಪುಟದಲ್ಲಿ, ಅಂದರೆ ಬಯಾಸ್‌ನಲ್ಲಿ, ಕಾಣುವ ಅಂಕಿಯನ್ನೂ ನೆಚ್ಚಬೇಡಿ. ಅಲ್ಲಿ ಪ್ರೊಸೆಸರಿಗೆ ವಿರಾಮದ ಸ್ಥಿತಿಗಳು ಪೂರ್ತಿ ಸಿಗುವುದಿಲ್ಲ, ಸುಮ್ಮನೆ ಕೂತಾಗಲೂ ಒಂದಿಷ್ಟು ಹೆಚ್ಚೇ ಕಾಣುತ್ತದೆ.

ಈಗ ಮುಖ್ಯ ಪರೀಕ್ಷೆ. ಇದನ್ನು ಸಾವಕಾಶವಾಗಿ ಹೇಳುತ್ತೇನೆ, ಯಾಕೆಂದರೆ ತಪ್ಪು ಭಾಗಕ್ಕೆ ರೊಕ್ಕ ಹಾಕುವುದನ್ನು ತಪ್ಪಿಸುವುದು ಇದೇ.

ಯಂತ್ರ ಹತ್ತು ನಿಮಿಷ ಸುಮ್ಮನಿರಲಿ. ಆಮೇಲೆ ಸಿನಿಬೆಂಚ್‌ನಂಥ ಒಂದು ಭಾರದ ಪರೀಕ್ಷೆಯನ್ನು ಓಡಿಸಿ, ಅಂಕಿ ಹೇಗೆ ಏರುತ್ತದೆಂದು ನೋಡಿ. ಎಷ್ಟಕ್ಕೆ ಏರಿತು ಎಂಬುದಕ್ಕಿಂತ ಹೇಗೆ ಏರಿತು ಎಂಬುದು ಹೆಚ್ಚು ಹೇಳುತ್ತದೆ. ಗುಂಡಿ ಒತ್ತಿದ ಎರಡು-ಮೂರು ಸೆಕೆಂಡಿಗೇ 50ರಿಂದ 98ಕ್ಕೆ ನೆಗೆದರೆ ಶಾಖ ಪ್ರೊಸೆಸರನ್ನು ಬಿಟ್ಟು ಹೊರಡಲೇ ಇಲ್ಲ ಎಂದರ್ಥ. ಅಂದರೆ ಪ್ರೊಸೆಸರಿಗೂ ಕೂಲರಿಗೂ ನಡುವಿನ ಕೂಡಿಕೆ ಕೆಟ್ಟಿದೆ. ಹಾಗಲ್ಲದೆ 70, 76, 81 ಎಂದು ಹತ್ತು-ಇಪ್ಪತ್ತು ನಿಮಿಷ ಮೆಲ್ಲಗೆ ಹತ್ತುತ್ತ ಹೋದರೆ, ಶಾಖ ಕೂಲರಿಗೆ ಸರಿಯಾಗಿ ದಾಟುತ್ತಿದೆ; ಅಲ್ಲಿಂದ ಮುಂದೆ ಹೋಗಲು ದಾರಿ ಇಲ್ಲ. ಧೂಳೋ, ಪೆಟ್ಟಿಗೆಯ ಗಾಳಿಯೋ, ಕೋಣೆಯೋ ಅಡ್ಡ ನಿಂತಿದೆ. ಮೊದಲ ನಮೂನೆಗೆ ಎಷ್ಟು ಫ್ಯಾನು ಹಚ್ಚಿದರೂ ಉಪಯೋಗವಿಲ್ಲ. ಎರಡನೆಯದಕ್ಕೆ ಆ ಕೂಡಿಕೆಗೆ ಎಂಥ ದುಬಾರಿ ಪೇಸ್ಟು ಬಳಿದರೂ ಉಪಯೋಗವಿಲ್ಲ.

ನೆಗೆಯುವ ಬಿಸಿಗೆ ಕಾರಣಗಳು ಕೆಲವೇ. ಬಸ್ಸಿನ ಡಿಕ್ಕಿಯಲ್ಲಿ, ಲಾರಿಯಲ್ಲಿ ಬಂದ ಯಂತ್ರವಾದರೆ ಮೊದಲು ಕೂಲರು ಅಲುಗಾಡುತ್ತದೆಯೇ ನೋಡಿ. ಗೋಪುರದಂತೆ ನಿಲ್ಲುವ ದೊಡ್ಡ ಕೂಲರುಗಳು ಒಂದು ಕಿಲೋ, ಅದಕ್ಕೂ ಹೆಚ್ಚು ತೂಗುತ್ತವೆ. ಪೆಟ್ಟಿಗೆ ನಿಲ್ಲಿಸಿದಾಗ ಆ ತೂಕವೆಲ್ಲ ಅಡ್ಡಡ್ಡ ನೇತಾಡುತ್ತದೆ. ರಸ್ತೆಯ ಕುಲುಕಾಟಕ್ಕೆ ಸ್ಕ್ರೂ ಸಡಿಲಾಗುವುದು ಅಪರೂಪವಲ್ಲ. ದೂರ ಸಾಗಿಸುವಾಗ ಪೆಟ್ಟಿಗೆಯನ್ನು ಮದರ್‌ಬೋರ್ಡ್ ಕೆಳಗೆ ಬರುವಂತೆ ಮಲಗಿಸಬೇಕು. ಸಾಧ್ಯವಾದರೆ ದೊಡ್ಡ ಕೂಲರನ್ನು ಬಿಚ್ಚಿಯೇ ಒಯ್ಯಬೇಕು. ಇಂಟೆಲ್ ಪ್ರೊಸೆಸರಿನ ಜೊತೆಗೇ ಬರುವ ಕೂಲರಿಗೆ ನಾಲ್ಕು ಪ್ಲಾಸ್ಟಿಕ್ ಗೂಟಗಳಿರುತ್ತವೆ. ಎದುರುಬದುರು ಮೂಲೆಗಳನ್ನು ಜೋಡಿಯಾಗಿ ಒತ್ತಬೇಕು, ನಾಲ್ಕೂ ಟಕ್ಕೆನ್ನಬೇಕು. ಮೂರು ಕೂತು ಒಂದು ಎದ್ದಿರುವುದು ನಮ್ಮ ಕಡೆ ಕಾಣುವ ಅತಿ ಸಾಮಾನ್ಯ ದೋಷ. ಬೋರ್ಡಿನ ಹಿಂಬದಿಗೆ ಬ್ಯಾಟರಿ ಹಾಕಿ ನೋಡಿದರೆ ಗೂಟದ ತುದಿ ಹೊರಬಂದು ಅರಳಿದೆಯೇ ಗೊತ್ತಾಗುತ್ತದೆ. ಇನ್ನು ಹೊಸದಾಗಿ ಜೋಡಿಸಿದ ಯಂತ್ರವಾದರೆ, ನಗಬೇಡಿ, ಕೂಲರಿನ ತಳಕ್ಕೆ ಅಂಟಿಸಿದ ಪಾರದರ್ಶಕ ಹಾಳೆ ಸುಲಿದಿದ್ದೀರಾ ಎಂದು ನೋಡಿಕೊಳ್ಳಿ. ಪ್ರೊಸೆಸರಿಗೆ ಹಾಕಿದ್ದು ನೀರಿನ ಕೂಲರಾದರೆ ಅದರ ಪಂಪು ತಿರುಗುತ್ತಿದೆಯೇ ಎಂದು ಬಯಾಸ್‌ನಲ್ಲಿ ನೋಡಬೇಕು. ಪಂಪು ನಿಂತರೂ ಅಂಕಿ ಹೀಗೆಯೇ ನೆಗೆಯುತ್ತದೆ.

ಇವೆಲ್ಲ ಸರಿಯಿದ್ದರೆ ಪೇಸ್ಟು. ಕಣ್ಣಿಗೆ ಕನ್ನಡಿಯಂತೆ ಕಂಡರೂ ಲೋಹದ ಮೈಯಲ್ಲಿ ಸೂಕ್ಷ್ಮ ತಗ್ಗುಗಳಿರುತ್ತವೆ. ಅವುಗಳಲ್ಲಿ ಗಾಳಿ ನಿಲ್ಲುತ್ತದೆ. ಗಾಳಿ ಶಾಖವನ್ನು ದಾಟಿಸುವುದರಲ್ಲಿ ತೀರಾ ಸೋಮಾರಿ. ಸಾಧಾರಣ ಪೇಸ್ಟು ಕೂಡ ಅದಕ್ಕಿಂತ ನೂರು ಪಟ್ಟಿಗೂ ಚೆನ್ನಾಗಿ ದಾಟಿಸುತ್ತದೆ. ಪೇಸ್ಟಿನ ಕೆಲಸ ಆ ತಗ್ಗು ತುಂಬುವುದು ಮಾತ್ರ. ಹೋಳಿಗೆಗೆ ತುಪ್ಪ ಸುರಿದ ಹಾಗೆ ಸುರಿದರೆ ಮೇಲಲ್ಲ. ತೊಗರಿ ಕಾಳಿನಷ್ಟು ನಡುವಿಗೆ ಇಟ್ಟು ಕೂಲರು ಕೂರಿಸಿದರೆ ಅದೇ ಹರಡಿಕೊಳ್ಳುತ್ತದೆ. ಹಳೆಯದನ್ನು ಒರೆಸಲು ಐಸೊಪ್ರೊಪೈಲ್ ಆಲ್ಕೋಹಾಲ್ ಬೇಕು. ಮೊಬೈಲ್ ರಿಪೇರಿಯವರಲ್ಲಿ ಸಿಗುತ್ತದೆ. ಕೊರೋನಾ ಕಾಲದಲ್ಲಿ ಮಿಕ್ಕಿದ ಸ್ಯಾನಿಟೈಸರ್ ಹಚ್ಚಬೇಡಿ, ಅದರಲ್ಲಿರುವ ಜೆಲ್ಲು, ಗ್ಲಿಸರಿನ್ನು ಅಲ್ಲೇ ಉಳಿಯುತ್ತದೆ. ಹಲ್ಲುಜ್ಜುವ ಪೇಸ್ಟು ಹಚ್ಚಿದರೂ ನಡೆಯುತ್ತದೆ ಎಂದು ಯಾರೋ ಹೇಳಿದ್ದನ್ನು ಇನ್ಯಾರೋ ನಂಬುತ್ತಾರೆ. ಅದು ನೀರಿರುವ ತನಕ ನಡೆಯುತ್ತದೆ. ಬಿಸಿಗೆ ನೀರು ಆರಿ ಸುಣ್ಣವಾದ ಮೇಲೆ ಮೊದಲಿಗಿಂತ ಕಡೆ.

ಇಲ್ಲಿ ಒಂದು ಎಚ್ಚರಿಕೆ. 5000 ಸರಣಿಯವರೆಗಿನ ರೈಜನ್ ಡೆಸ್ಕ್‌ಟಾಪ್ ಪ್ರೊಸೆಸರುಗಳಲ್ಲಿ ಕಾಲುಗಳು ಪ್ರೊಸೆಸರಿಗೇ ಇರುತ್ತವೆ. ಒಣಗಿ ಅಂಟಾದ ಪೇಸ್ಟು ಹಿಡಿದುಕೊಂಡಿದ್ದರೆ, ಕೂಲರನ್ನು ನೆಟ್ಟಗೆ ಎತ್ತಿದಾಗ ಪ್ರೊಸೆಸರೂ ಸಾಕೆಟ್ಟಿನಿಂದ ಕಿತ್ತು ಬರುತ್ತದೆ, ಕೂದಲೆಳೆಯಂಥ ಕಾಲುಗಳು ಮಣಿಯುತ್ತವೆ. ಬಿಚ್ಚುವ ಮೊದಲು ಯಂತ್ರವನ್ನು ಸ್ವಲ್ಪ ಹೊತ್ತು ಓಡಿಸಿ ಬೆಚ್ಚಗೆ ಮಾಡಿ, ಆರಿಸಿ, ಪ್ಲಗ್ ಕಿತ್ತು, ಕೂಲರನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುವಿ ಸಡಿಲಿಸಿ ಎತ್ತಬೇಕು. ಇದನ್ನು ಮೊದಲ ಸಲ ಮಾಡುವವರು ಕೈ ನುರಿತವರನ್ನು ಪಕ್ಕಕ್ಕೆ ಕೂರಿಸಿಕೊಳ್ಳುವುದು ಒಳ್ಳೆಯದು.

ಇನ್ನು ಮೆಲ್ಲಗೆ ಏರುವ ಬಿಸಿ. ನಮ್ಮ ಸೀಮೆಯಲ್ಲಿ ಬಹುಪಾಲು ಯಂತ್ರಗಳ ಕಾಯಿಲೆ ಇದು, ಇದಕ್ಕೆ ಮೊದಲ ಆಪಾದಿತ ಧೂಳು. ಆದರೆ ಧೂಳೆಂದರೆ ಎಲ್ಲ ಕಡೆ ಒಂದೇ ಅಲ್ಲ. ಇಳಕಲ್ಲಿನ ಮನೆಗಳಲ್ಲಿ ಪಡಸಾಲೆಗೆ ಮಗ್ಗ, ಒಳಕೋಣೆಗೆ ಕಂಪ್ಯೂಟರು. ನೂಲಿನಿಂದ ಏಳುವ ನವಿರು ಎಳೆ ಹಗುರ. ಗಾಳಿಯಲ್ಲಿ ತೇಲುತ್ತ ಬಂದು ಫ್ಯಾನಿನೊಳಗೆ ಸೇರುತ್ತದೆ, ಕೂಲರಿನ ಅಲ್ಯೂಮಿನಿಯಂ ಪಟ್ಟಿಗಳ ಬಾಯಲ್ಲಿ ಸಿಕ್ಕಿಕೊಂಡು ಕಂಬಳಿಯಾಗುತ್ತದೆ. ಮೇಲಿನಿಂದ ನೋಡಿದರೆ ಫ್ಯಾನು ಸ್ವಚ್ಛ. ಫ್ಯಾನು ಬಿಚ್ಚಿ ಕೆಳಗೆ ನೋಡಿದರೆ ಬೂದು ಬಣ್ಣದ ಹೊದಿಕೆ. ಅದೇ ಊರಿನ ಕೆಂಪು ಗ್ರಾನೈಟ್ ಕೊಯ್ದು ಪಾಲಿಶ್ ಮಾಡುವ ಕಡೆ ಏಳುವ ಕಲ್ಲುಪುಡಿಯ ಗುಣ ಬೇರೆ. ಅದು ಭಾರ, ಗಡಸು. ಪಟ್ಟಿಗಳಲ್ಲಿ ನಿಲ್ಲುವುದಕ್ಕಿಂತ ಫ್ಯಾನಿನ ಅಚ್ಚಿಗೆ ಇಳಿದು ಅದನ್ನು ತೇಯುತ್ತದೆ. ಫ್ಯಾನು ಕರಕರ ಎನ್ನತೊಡಗಿದರೆ ತಿರುಗುವ ವೇಗವೂ ಕುಂದಿದೆ ಎಂದೇ ತಿಳಿಯಿರಿ. ಹುನಗುಂದದ ಎರೆಭೂಮಿಯ ಕಡೆ ಬಂದರೆ, ಬೇಸಿಗೆಗೆ ಬಿರುಕುಬಿಟ್ಟ ಹೊಲದ ಮಣ್ಣು ಆಷಾಢದ ಗಾಳಿಗೆ ಹಿಟ್ಟಿನಂತೆ ಹಾರಿ ಎಲ್ಲದರ ಮೇಲೂ ಕೂರುತ್ತದೆ. ನೂಲಿನ ಕಂಬಳಿ ಮೊದಲೇ ಇದ್ದರೆ ಅದರ ಮೇಲೆ ಮಣ್ಣು, ಮಳೆಗಾಲದ ತೇವ ಸೇರಿ ಹಕ್ಕಳೆ ಕಟ್ಟುತ್ತದೆ. ಅದನ್ನು ಊದಿ ತೆಗೆಯಲಾಗದು, ಕುಂಚದಿಂದ ಬಿಡಿಸಬೇಕು.

ಸ್ವಚ್ಛ ಮಾಡುವ ಕ್ರಮ ಹೇಳುತ್ತೇನೆ. ಪ್ಲಗ್ ಕಿತ್ತು, ಪೆಟ್ಟಿಗೆಯನ್ನು ಅಂಗಳಕ್ಕೋ ಮಾಳಿಗೆಗೋ ಒಯ್ಯಿರಿ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಕಲ್ಲುಪುಡಿ ಇರುವ ಕಡೆಯವರು ಒಳ್ಳೆಯ ಮಾಸ್ಕೇ ಹಾಕಿಕೊಳ್ಳಿ, ಆ ಪುಡಿ ಶ್ವಾಸಕೋಶಕ್ಕೆ ಕೇಡು. ಫ್ಯಾನನ್ನು ಕೂಲರಿನಿಂದ ಬಿಚ್ಚಿ, ಮೃದು ಕುಂಚದಿಂದ ಪಟ್ಟಿಗಳ ನಡುವೆ ಬಿಡಿಸಿ, ಆಮೇಲೆ ಕೈ ಬ್ಲೋಯರಿನಿಂದ ಊದಿ. ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಬೇಕು. ಇಲ್ಲದಿದ್ದರೆ ಅದು ತನ್ನ ಮಿತಿ ಮೀರಿ ತಿರುಗಿ ಅಚ್ಚು ಕೆಡಿಸಿಕೊಳ್ಳುತ್ತದೆ. ಪಂಕ್ಚರ್ ಅಂಗಡಿಯ ಕಂಪ್ರೆಸರಿಗೆ ಒಯ್ದು ಊದಿಸುವವರಿದ್ದಾರೆ. ಪುಕ್ಕಟೆ, ಸರಸರ ಆಗುತ್ತದೆ, ಆದರೆ ಆ ಟ್ಯಾಂಕಿನ ತಳದಲ್ಲಿ ನೀರು ನಿಂತಿರುತ್ತದೆ. ಗಾಳಿಯ ಜೊತೆ ಆ ಹನಿಗಳೂ ಬೋರ್ಡಿನ ಮೇಲೆ ಬೀಳುತ್ತವೆ. ನಾನಂತೂ ಬೇಡ ಅನ್ನುತ್ತೇನೆ. ವಿದ್ಯುತ್ ಪೂರೈಸುವ ಡಬ್ಬಿಯನ್ನು, ಅಂದರೆ ಎಸ್‌ಎಂಪಿಎಸ್ ಅನ್ನು, ಹೊರಗಿನಿಂದ ಊದಿ ಬಿಡಿ. ಅದನ್ನು ಬಿಚ್ಚಬೇಡಿ, ಪ್ಲಗ್ ಕಿತ್ತ ಮೇಲೂ ಒಳಗೆ ವಿದ್ಯುತ್ ಉಳಿದಿರುತ್ತದೆ.

ಧೂಳು ತೆಗೆದ ಮೇಲೂ ಮೆಲ್ಲಗೆ ಏರುತ್ತಿದ್ದರೆ ಪೆಟ್ಟಿಗೆಯ ಪಕ್ಕದ ಬಾಗಿಲು ತೆಗೆದು ಅದೇ ಪರೀಕ್ಷೆ ಮತ್ತೊಮ್ಮೆ ಓಡಿಸಿ. ಅಂಕಿ ಏಳೆಂಟು ಡಿಗ್ರಿ ಇಳಿಯಿತೇ? ಹಾಗಾದರೆ ಪೆಟ್ಟಿಗೆಯೊಳಗೆ ಗಾಳಿ ಓಡಾಡುತ್ತಿಲ್ಲ. ಆಟದ ಪೆಟ್ಟಿಗೆಗಳಲ್ಲಿ ಗ್ರಾಫಿಕ್ಸ್ ಕಾರ್ಡು ಎಷ್ಟೋ ಸಲ ಪ್ರೊಸೆಸರಿಗಿಂತ ಹೆಚ್ಚು ಶಾಖ ಕಾರುತ್ತದೆ, ಆ ಬಿಸಿ ಗಾಳಿಯನ್ನೇ ಪ್ರೊಸೆಸರಿನ ಫ್ಯಾನು ಎಳೆದುಕೊಳ್ಳುತ್ತದೆ. ಮುಂದಿನ ಫ್ಯಾನು ಒಳಕ್ಕೆ, ಹಿಂದಿನದೂ ಮೇಲಿನದೂ ಹೊರಕ್ಕೆ ಊದಬೇಕು. ಬಣ್ಣದ ದೀಪ ಚೆನ್ನಾಗಿ ಕಾಣಲೆಂದು ಫ್ಯಾನು ಮಗುಚಿ ಕೂರಿಸಿದ ಪೆಟ್ಟಿಗೆಗಳನ್ನು ಕಂಡಿದ್ದೇನೆ. ಎಲ್ಲವೂ ಒಳಕ್ಕೇ ಊದುತ್ತವೆ, ಹೊರಗೆ ಹೋಗಲು ದಾರಿಯಿಲ್ಲ. ಯಾವುದು ಯಾವ ಕಡೆ ಊದುತ್ತದೆಂದು ತಿಳಿಯಲು ಒಂದು ಗೇಣು ನೂಲೆಳೆಯನ್ನು ಪೆಟ್ಟಿಗೆಯ ಹೊರಗಿನಿಂದ ಜಾಲರಿಯ ಹತ್ತಿರ ಹಿಡಿಯಿರಿ. ಇಳಕಲ್ಲಿನವರಿಗೆ ನೂಲಿನ ಬರ ಇಲ್ಲ. ಎಳೆ ಜಾಲರಿಗೆ ಅಂಟಿದರೆ ಗಾಳಿ ಒಳಗೆ ಹೋಗುತ್ತಿದೆ, ದೂರ ಸರಿದರೆ ಹೊರಗೆ ಬರುತ್ತಿದೆ. ಬಾಗಿಲು ತೆಗೆದಾಗ ತಣ್ಣಗಾಯಿತೆಂದು ಅದನ್ನು ತೆಗೆದೇ ಇಡುವುದು ಮಾತ್ರ ಬೇಡ. ಹಲ್ಲಿ, ಇರುವೆ, ಇಲಿಮರಿ ಎಲ್ಲಕ್ಕೂ ಅದು ಬೆಚ್ಚನೆಯ ಮನೆ. ಹಲ್ಲಿಯೊಂದು ಬೋರ್ಡಿನ ಮೇಲೆ ಹರಿದಾಡಿ ಶಾರ್ಟ್ ಆದರೆ ಆಮೇಲೆ ಬಿಸಿಯ ಚಿಂತೆಯೇ ಇರುವುದಿಲ್ಲ.

ಬಾಗಿಲು ತೆಗೆದರೂ ಅಂಕಿ ಇಳಿಯಲಿಲ್ಲ ಎಂದರೆ ಮತ್ತೆ ಕೋಣೆಗೇ ಬರಬೇಕು. ನಮ್ಮ ಹಳೆಯ ಮಣ್ಣಿನ ಮಾಳಿಗೆ ಮನೆಗಳ ದಪ್ಪ ಗೋಡೆ ಹಗಲಿನ ಝಳವನ್ನು ಒಳಗೆ ಬಿಡುವುದಿಲ್ಲ. ಈಗಿನ ಹುಡುಗರಿಗೆ ಸಿಕ್ಕಿರುವುದು ಮೊದಲ ಮಹಡಿಯ ಆರ್‌ಸಿಸಿ ಕೋಣೆ. ಹಗಲೆಲ್ಲ ಬಿಸಿಲು ಕುಡಿದ ಆ ಸ್ಲ್ಯಾಬು ಸಂಜೆಯ ಮೇಲೆ ಕೆಳಕ್ಕೆ ಬಿಸಿ ಬಿಡುತ್ತದೆ. ಆಟ ಶುರುವಾಗುವುದೂ ಅದೇ ಹೊತ್ತಿಗೆ. ಹೊರಗೆ ತಂಗಾಳಿ ಬೀಸುತ್ತಿದ್ದರೂ ಒಳಗೆ ಕುದಿ. ಅದರ ಮೇಲೆ ಕಂಪ್ಯೂಟರ್ ಮೇಜಿನ ಕೆಳಗಿನ ಗೂಡು: ಮೂರು ಕಡೆ ಹಲಗೆ, ಹಿಂದೆ ಗೋಡೆ. ಪೆಟ್ಟಿಗೆ ತಾನು ಬಿಟ್ಟ ಬಿಸಿಯನ್ನು ತಾನೇ ಉಸಿರಾಡುತ್ತದೆ. ಗೂಡಿನಿಂದ ಹೊರಗೆ ತೆಗೆದು, ಗೋಡೆಯಿಂದ ಒಂದು ಗೇಣಿಗೂ ಹೆಚ್ಚು ದೂರ, ನೆಲದ ಧೂಳು ತಾಗದಂತೆ ಮಣೆಯ ಮೇಲಿಟ್ಟರೆ ಸಾಕು, ರೊಕ್ಕವಿಲ್ಲದೆ ನಾಲ್ಕಾರು ಡಿಗ್ರಿ ಇಳಿಯುತ್ತದೆ. ಕೆಳಮನೆಯಲ್ಲಿ ಜಾಗ ಸಿಕ್ಕರೆ ಇನ್ನೂ ಒಳ್ಳೆಯದು. ಅಜ್ಜ-ಅಜ್ಜಿಯರ ಕಣ್ಣೆದುರು ಆಡಲು ಹುಡುಗರು ಒಪ್ಪಬೇಕಲ್ಲ, ಅದು ಬೇರೆ ಮಾತು.

ಕೋಣೆಗೆ ನೀರಿನ ಏರ್ ಕೂಲರು ಹಚ್ಚಬಹುದೇ ಎಂದು ಬಹಳ ಜನ ಕೇಳುತ್ತಾರೆ. ಹಚ್ಚಬಹುದು. ನಮ್ಮ ಏಪ್ರಿಲ್ ಒಣ ಹವೆಗೆ ಅದು ಕೋಣೆಯನ್ನು ಚೆನ್ನಾಗಿಯೇ ತಣಿಸುತ್ತದೆ, ಮಳೆಗಾಲದಲ್ಲಿ ಉಪಯೋಗವಿಲ್ಲ. ಕಿಟಕಿಯೋ ಬಾಗಿಲೋ ತೆರೆದಿರಬೇಕು, ಇಲ್ಲದಿದ್ದರೆ ಕೋಣೆಯಲ್ಲಿ ತೇವ ತುಂಬುತ್ತದೆ. ಅದರ ಬಾಯಿ ನೇರವಾಗಿ ಪೆಟ್ಟಿಗೆಗೆ ತಿರುಗಿರಬಾರದು. ಹಾರಿಬರುವ ಸಣ್ಣ ಹನಿಗಳಲ್ಲಿ ನಮ್ಮ ಬೋರ್‌ವೆಲ್ಲಿನ ಗಡಸು ನೀರಿನ ಉಪ್ಪೂ ಇರುತ್ತದೆ. ಆಡುವವನಿಗೆ ಗಾಳಿ ತಾಗಲಿ, ಯಂತ್ರಕ್ಕೆ ಕೋಣೆಯ ತಂಪು ತಾಗಿದರೆ ಸಾಕು.

ಶಾಖ ಹೊರಹಾಕುವ ಮಾತಾಯಿತು. ಶಾಖವನ್ನೇ ಕಡಿಮೆ ಹುಟ್ಟಿಸಬಹುದು ಎಂಬುದು ಬಹಳ ಜನರಿಗೆ ಹೊಳೆಯುವುದಿಲ್ಲ. ನನ್ನ ಮಟ್ಟಿಗೆ ಬೇಸಿಗೆಗೆ ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ. ಪ್ರೊಸೆಸರು ನುಂಗುವ ವಿದ್ಯುತ್ತು ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೋಲ್ಟೇಜು ನೂರಕ್ಕೆ ಹತ್ತು ಇಳಿಸಿದರೆ, ವೇಗ ಅಷ್ಟೇ ಇದ್ದರೂ, ಆ ಲೆಕ್ಕದ ಶಾಖ ನೂರಕ್ಕೆ 19 ಇಳಿಯುತ್ತದೆ. ರೈಜನ್‌ನಲ್ಲಿ ಇಕೋ ಮೋಡ್ ಎಂಬ ಸೌಲಭ್ಯವೇ ಇದೆ. 5800ಎಕ್ಸ್‌ನಂಥ 105 ವ್ಯಾಟ್ ದರ್ಜೆಯ ಪ್ರೊಸೆಸರು ನಿಜಕ್ಕೂ 142 ವ್ಯಾಟ್‌ವರೆಗೆ ಎಳೆಯುತ್ತದೆ. 65 ವ್ಯಾಟಿನ ಇಕೋ ಮೋಡಿನಲ್ಲಿ ಅದು 88ಕ್ಕೆ ನಿಲ್ಲುತ್ತದೆ. ಆಟದಲ್ಲಿ ಕಳೆದುಕೊಳ್ಳುವುದು ತುಸುವೇ, ಕಣ್ಣಿಗೆ ಗೊತ್ತಾಗುವುದೂ ಕಷ್ಟ. ಇಂಟೆಲ್‌ನ ಕೋರ್ ಐ5 12400ಕ್ಕೆ ಕಂಪನಿ ಹೇಳಿದ ಮೂಲ ಮಿತಿ 65 ವ್ಯಾಟ್, ಟರ್ಬೊ ಮಿತಿ 117. ಕೆಲವು ಮದರ್‌ಬೋರ್ಡುಗಳು ಈ ಮಿತಿಗಳನ್ನು ಸಡಿಲಬಿಟ್ಟು ಬರುತ್ತವೆ. ಬಯಾಸ್‌ಗೆ ಹೋಗಿ ಅವನ್ನು ಕಂಪನಿಯ ಅಂಕಿಗೆ ತಂದು ನಿಲ್ಲಿಸಿ. ಇಂಟೆಲ್ 13 ಮತ್ತು 14ನೇ ಪೀಳಿಗೆಯ ದೊಡ್ಡ ಪ್ರೊಸೆಸರು ಇರುವವರು ಬಯಾಸ್ ಹೊಸದಾಗಿಸಿಕೊಳ್ಳಲೇಬೇಕು. ಅವು ಬೇಕಾದ್ದಕ್ಕಿಂತ ಹೆಚ್ಚು ವೋಲ್ಟೇಜು ಕೇಳಿ ಕೆಡುತ್ತಿದ್ದುದಕ್ಕೆ ಇಂಟೆಲ್ 2024ರ ಆಗಸ್ಟಿನಲ್ಲಿ ತಿದ್ದುಪಡಿ ಬಿಟ್ಟಿತು, ವಾರಂಟಿಯನ್ನೂ ಎರಡು ವರ್ಷ ಹೆಚ್ಚಿಸಿತು. ಇವೆಲ್ಲ ಕೈಗೆ ಹತ್ತದಿದ್ದರೆ ಇನ್ನೂ ಸುಲಭದ್ದಿದೆ: ನಿಮ್ಮ ಮಾನಿಟರು ಸೆಕೆಂಡಿಗೆ 60 ಚಿತ್ರ ತೋರಿಸುವಂಥದ್ದಾದರೆ ಆಟದ ಸೆಟ್ಟಿಂಗಿನಲ್ಲಿ 60ಕ್ಕೇ ಕಟ್ಟಿಹಾಕಿ. ಕಾಣದ ಚಿತ್ರ ಬರೆದು ಬೆವರುವುದು ಯಾಕೆ?

ಆರಿಹೋಗುವುದೆಲ್ಲ ಬಿಸಿಯಿಂದಲೇ ಅಲ್ಲ ಎಂಬುದನ್ನೂ ಹೇಳಬೇಕು. ಫ್ಯಾನು ಒದರದೆ, ಆಟ ಜಗ್ಗದೆ, ಚೆನ್ನಾಗಿ ಓಡುತ್ತಿರುವಾಗಲೇ ಪಟ್ಟನೆ ಆರಿ ಮತ್ತೆ ಹೊತ್ತಿಕೊಂಡರೆ ಮೊದಲು ಕರೆಂಟು, ಯುಪಿಎಸ್, ಎಸ್‌ಎಂಪಿಎಸ್ ನೋಡಿ. ಹೊಲದ ಪಂಪುಗಳು ಶುರುವಾಗುವ ಹೊತ್ತಿಗೆ ದೀಪ ಮಂಕಾಗುವುದು ಹಳ್ಳಿಯವರಿಗೆ ಹೊಸದಲ್ಲ. ವಿಂಡೋಸ್ ದಾಖಲೆಯಲ್ಲಿ ಕರ್ನಲ್ ಪವರ್ 41 ಎಂದು ಬರೆದಿರುತ್ತದೆ. ಅದನ್ನು ತೋರಿಸಿ "ಪ್ರೊಸೆಸರ್ ಹೋಗೈತಿ" ಎನ್ನುವವರನ್ನು ನಂಬಬೇಡಿ. ಯಂತ್ರ ಕ್ರಮವಾಗಿ ಮುಚ್ಚದೆ ನಿಂತಿತ್ತು ಎಂದಷ್ಟೇ ಅದರ ಅರ್ಥ, ಕಾರಣ ಅದರಲ್ಲಿಲ್ಲ. ಇನ್ನೊಂದು, ಏನೂ ಮಾಡದೆ ಕೂತಾಗಲೂ ಫ್ಯಾನು ಜೋರಾಗಿ ತಿರುಗುತ್ತಿದ್ದರೆ ಟಾಸ್ಕ್ ಮ್ಯಾನೇಜರ್ ತೆರೆದು ಯಾರು ದುಡಿಸುತ್ತಿದ್ದಾರೆ ನೋಡಿ. ಕದ್ದ ಆಟಗಳ ಜೊತೆ ಗುಟ್ಟಾಗಿ ಕ್ರಿಪ್ಟೊ ನಾಣ್ಯ ಗಣಿಗಾರಿಕೆ ಮಾಡುವ ತಂತ್ರಾಂಶ ಬಂದು ಕೂತಿರುವುದುಂಟು. ವಿದ್ಯುತ್ ಬಿಲ್ಲು ನಿಮ್ಮದು, ನಾಣ್ಯ ಇನ್ಯಾರದೋ.

ಕೊನೆಗೆ, ಖರೀದಿಯ ಮಾತು. ಪ್ರೊಸೆಸರಿಗೆ ನೀರಿನ ಕೂಲರು ಹಾಕಿಸಿದರೆ ಎಲ್ಲ ಸರಿಹೋಗುತ್ತದೆಂಬ ನಂಬಿಕೆ ಬಹಳ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಸ್ಥಾಪಿಸಿದ ಪರಮ್ ಪ್ರವೇಗ ಸೂಪರ್ ಕಂಪ್ಯೂಟರನ್ನು ದ್ರವ ಹರಿಸಿಯೇ ತಣ್ಣಗಿಡುತ್ತಾರೆ, ನಿಜ. ಅಲ್ಲಿ ಆ ಬಿಸಿಯನ್ನು ಕಟ್ಟಡದಿಂದಲೇ ಹೊರಗೆ ಒಯ್ಯುವ ಏರ್ಪಾಡೂ ಇರುತ್ತದೆ. ನಮ್ಮ ಪೆಟ್ಟಿಗೆಯ ನೀರಿನ ಕೂಲರು ಆ ಶಾಖವನ್ನು ಅದೇ ಕೋಣೆಗೆ ಬಿಡುತ್ತದೆ. 40 ಡಿಗ್ರಿಯ ಕೋಣೆಯಲ್ಲಿ ಅದರ ನೀರೂ 40ಕ್ಕಿಂತ ತಣ್ಣಗಾಗದು. ಜೊತೆಗೆ ವರ್ಷಗಳ ಮೇಲೆ ಕೆಡುವ ಒಂದು ಪಂಪು. ನಮ್ಮ ಕಡೆಯ 65 ವ್ಯಾಟ್ ದರ್ಜೆಯ ಪ್ರೊಸೆಸರುಗಳಿಗೆ ನಾಲ್ಕು ಶಾಖನಾಳಗಳಿರುವ, 120 ಮಿಲಿಮೀಟರ್ ಫ್ಯಾನಿನ ಗಾಳಿಯ ಕೂಲರೇ ಸಾಕು. ಧೂಳು ತೆಗೆಯಲು ಸುಲಭ, ಕೆಟ್ಟರೆ ಫ್ಯಾನೊಂದನ್ನೇ ಬದಲಿಸಬಹುದು.

ಶಿವರಾತ್ರಿ ಮುಗಿದ ಮೇಲೆ, ಬಿಸಿಲು ಏರುವ ಮೊದಲು ಒಮ್ಮೆ ಪೆಟ್ಟಿಗೆ ಬಿಚ್ಚಿ ಸ್ವಚ್ಛ ಮಾಡಿ. ಆಷಾಢದ ಗಾಳಿ ನಿಂತ ಮೇಲೆ ಇನ್ನೊಮ್ಮೆ. ಮಗ್ಗದ ಮನೆಯವರೂ ಕಲ್ಲು ಕೊಯ್ಯುವ ಕಡೆಯವರೂ ಎರಡು ತಿಂಗಳಿಗೊಮ್ಮೆಯಾದರೂ ಮಾಡಬೇಕು. ವಾರಂಟಿ ಇನ್ನೂ ಇದ್ದರೆ ನೀವೇ ಕೂಲರು ಕೀಳುವ ಮೊದಲು ಕೊಂಡ ಅಂಗಡಿಯವರನ್ನು ಒಂದು ಮಾತು ಕೇಳಿ. ರಿಪೇರಿಗೆ ಒಯ್ಯುವುದೇ ಆದರೆ ಕೋಣೆಯ ಬಿಸಿ, ಪ್ರೊಸೆಸರಿನ ಬಿಸಿ, ಅದು ನೆಗೆಯುತ್ತದೋ ಮೆಲ್ಲಗೆ ಏರುತ್ತದೋ ಎಂಬ ಮೂರನ್ನು ಒಂದು ಚೀಟಿಯಲ್ಲಿ ಬರೆದು ಒಯ್ಯಿರಿ. ಅಂಗಡಿಯವನ ಅರ್ಧ ದಿನ ಉಳಿಯುತ್ತದೆ, ನಿಮ್ಮ ರೊಕ್ಕವೂ ಉಳಿಯುತ್ತದೆ.